ಬಾವಿ ಗೋಡೆಯಿಂದ ಬಾಲ್ಕನಿಗೆ: ಜರೀಗಿಡ ಬೆಳೆಸಿ, ಮರಿ ಮಾಡುವ ಬಗೆ

ಹತ್ತಿರದಲ್ಲಿ ಎಲ್ಲಾದರೂ ಹಳೇ ಕಲ್ಲುಬಾವಿ ಇದ್ದರೆ ಒಮ್ಮೆ ಬಗ್ಗಿ ನೋಡಿ. ಕಲ್ಲಿನ ಸಂದಿಯಲ್ಲಿ ಜರೀಗಿಡ, ಅಂದರೆ ಫರ್ನ್, ನೇತಾಡುತ್ತಿರುತ್ತದೆ. ಯಾರೂ ನೆಟ್ಟಿದ್ದಲ್ಲ, ಯಾರೂ ಗೊಬ್ಬರ ಹಾಕಿದ್ದಲ್ಲ. ಅದರ ಬೇರು ನೀರಿನಲ್ಲಿ ಮುಳುಗಿಲ್ಲ. ನೀರು ಎಷ್ಟೋ ಅಡಿ ಕೆಳಗಿದೆ. ಬೇರಿಗೆ ಸಿಗುವುದು ಕಲ್ಲಿನಲ್ಲಿ ಜಿನುಗುವ ಒಸರು ಮಾತ್ರ. ಆದರೆ ಸುತ್ತಲಿನ ಗಾಳಿ ಸದಾ ತಂಪು, ಸದಾ ತೇವ. ಬಿಸಿಲು ನೇರವಾಗಿ ಬೀಳುವುದು ಮಧ್ಯಾಹ್ನ ಒಂದಿಷ್ಟು ಹೊತ್ತು.

ಅಡಿಕೆ ತೋಟದ ಬಸಿಗಾಲುವೆಯ ಅಂಚು ನೋಡಿ, ಹಲಸಿನ ಮರದ ಕವಲು ನೋಡಿ, ಘಾಟಿ ರಸ್ತೆಯಲ್ಲಿ ಕಡಿದ ಧರೆ ನೋಡಿ. ಎಲ್ಲ ಕಡೆಯೂ ಇದೇ ಕತೆ. ನೀರು ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಗಾಳಿಯಲ್ಲಿ ಪಸೆ ಇರುತ್ತದೆ.

ಇದು ನನಗೆ ತಡವಾಗಿ ಅರ್ಥವಾಯಿತು. ಸಾಗರದ ಕಡೆ ಬೆಳೆದವಳು ನಾನು. ಅಲ್ಲಿ ಜರೀಗಿಡ ಅಂದರೆ ತೋಟದ ಕಳೆ. ಬೆಂಗಳೂರಿಗೆ ಬಂದು ಮೂರನೇ ಮಹಡಿಯ ಬಾಲ್ಕನಿಗೆ ಮೊದಲ ಬೋಸ್ಟನ್ ಫರ್ನ್ ತಂದೆ. ಮಳೆಗಾಲ ಪೂರ್ತಿ ಚೆನ್ನಾಗಿತ್ತು. ಮಾರ್ಚ್‌ನಲ್ಲಿ ಗರಿಗಳ ತುದಿ ಒಣಗತೊಡಗಿತು. ನೀರು ಸಾಲುತ್ತಿಲ್ಲ ಅಂದುಕೊಂಡು ದಿನಕ್ಕೆ ಎರಡು ಸಲ ಹಾಕಿದೆ. ಇನ್ನೂ ಒಣಗಿತು. ಇನ್ನೂ ಹಾಕಿದೆ. ಕೊನೆಗೆ ಕಿತ್ತು ನೋಡಿದರೆ ಬೇರು ಕೊಳೆತು ಅಂಟಾಗಿತ್ತು. ಒಣಗಿದ್ದು ಗಾಳಿ. ನಾನು ನೀರು ಸುರಿದದ್ದು ಬೇರಿಗೆ. ಆ ಗಿಡ ಸತ್ತದ್ದು ನನ್ನ ತಪ್ಪಿನಿಂದ. ಅದೇ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಿಡ ಆರಿಸಿಕೊಳ್ಳಿ

ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಬಗೆಯ ಜರೀಗಿಡಗಳಿವೆ. ನಿಮ್ಮ ಊರಿನ ಹವೆಗೆ ಹೊಂದುವುದನ್ನು ಆರಿಸಿದರೆ ಅರ್ಧ ಕೆಲಸ ಮುಗಿಯಿತು.

ಇದೇ ಮೊದಲ ಸಲ ಬೆಳೆಸುವವರಿಗೆ ನನ್ನ ಸಲಹೆ ನೆಫ್ರೊಲೆಪಿಸ್ ಕಾರ್ಡಿಫೋಲಿಯ. ನರ್ಸರಿಯಲ್ಲಿ ಸುಮ್ನೆ ‘ಫರ್ನ್’ ಎಂದು ಮಾರುವುದು ಬಹಳ ಸಲ ಇದನ್ನೇ. ಗರಿ ಕತ್ತಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಬೇರಿನಲ್ಲಿ ಗೋಲಿಯಂಥ ಸಣ್ಣ ಗೆಡ್ಡೆಗಳಿದ್ದು, ಅವುಗಳಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಎರಡು ದಿನ ನೀರು ತಪ್ಪಿದರೂ ಸಾಯುವುದಿಲ್ಲ. ಕಲಬುರಗಿ, ಬಳ್ಳಾರಿಯಂಥ ಬಿಸಿಲೂರಿನವರು ಇದರಿಂದಲೇ ಶುರು ಮಾಡಿ.

ಬೋಸ್ಟನ್ ಫರ್ನ್ ಇದೇ ಕುಟುಂಬದ್ದು. 1894ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಬೋಸ್ಟನ್ ಕಡೆಗೆ ಹೋದ ಗಿಡಗಳ ನಡುವೆ ಒಂದು ಮಾತ್ರ ಬೇರೆ ಥರ ಕಂಡಿತು. ಅದರ ಗರಿಗಳು ನೆಟ್ಟಗೆ ನಿಲ್ಲದೆ ಸುತ್ತಲೂ ಬಾಗಿ ಇಳಿಯುತ್ತಿದ್ದವು. ಇವತ್ತು ತೂಗುಕುಂಡಗಳಲ್ಲಿ ಕಾಣುವ ಬೋಸ್ಟನ್ ಫರ್ನ್‌ಗಳ ಮೂಲ ಅದು. ನೋಡಲು ಚೆಂದ, ಆದರೆ ಒಣಗಾಳಿ ಕಂಡರೆ ಆಗದು.

ಬರ್ಡ್ಸ್ ನೆಸ್ಟ್ ಫರ್ನ್‌ನ ಎಲೆ ಸೀಳಿಲ್ಲದೆ ಅಗಲವಾಗಿ, ಹೊಳೆಯುತ್ತಾ ಇರುತ್ತದೆ. ಮನೆಯೊಳಗೆ ಇಡುವುದಿದ್ದರೆ ಇದು ಒಳ್ಳೆಯದು. ಸ್ಟ್ಯಾಗ್‌ಹಾರ್ನ್ ಎಂಬುದು ಜಿಂಕೆ ಕೊಂಬಿನಂಥದು. ಅದನ್ನು ಹಲಗೆಗೆ ಕಟ್ಟಿ ಗೋಡೆಗೆ ತೂಗುಹಾಕುತ್ತಾರೆ.

ಇನ್ನು ಮೇಡನ್‌ಹೇರ್. ಕಪ್ಪು ತಂತಿಯಂಥ ಕಡ್ಡಿ, ಅದರ ತುಂಬ ಪುಟ್ಟ ಬೀಸಣಿಗೆಯಂಥ ಎಲೆ. ಬಾವಿ ಗೋಡೆಯಲ್ಲಿ ನೀವು ನೋಡುವುದು ಬಹಳ ಸಲ ಇದರ ಜಾತಿಯವನ್ನೇ. ನಮ್ಮ ಕಡೆ ಹಂಸಪಾದಿ ಎಂದು ಔಷಧಿಗೆ ಬಳಸುವುದೂ ಇದರದೇ ಬಳಗ. ನನಗೆ ಎಲ್ಲಕ್ಕಿಂತ ಪ್ರೀತಿ ಇದರ ಮೇಲೆ. ಆದರೂ ಮೊದಲ ಗಿಡವಾಗಿ ತರಬೇಡಿ. ಮಣ್ಣು ಒಂದೇ ಒಂದು ದಿನ ಪೂರ್ತಿ ಒಣಗಿದರೆ ಅಷ್ಟೂ ಎಲೆ ಮುದುಡಿ ಹೋಗುತ್ತದೆ.

ಒಂದು ವಿಷಯ ನೆನಪಿರಲಿ. ‘ಅಸ್ಪರಾಗಸ್ ಫರ್ನ್’ ಎಂದು ಮಾರುತ್ತಾರಲ್ಲ, ಅದು ಜರೀಗಿಡವೇ ಅಲ್ಲ. ಶತಾವರಿಯ ನಂಟು ಅದು. ಹೂ ಬಿಡುತ್ತದೆ, ಕೆಂಪು ಹಣ್ಣು ಬಿಡುತ್ತದೆ. ಜರೀಗಿಡ ಹೂ ಬಿಡುವುದಿಲ್ಲ. ಬೆಕ್ಕು ನಾಯಿ ಇರುವ ಮನೆಯಲ್ಲಿ ಈ ವ್ಯತ್ಯಾಸ ಮುಖ್ಯ. ಬೋಸ್ಟನ್ ಫರ್ನ್ ಅವುಗಳಿಗೆ ವಿಷವಲ್ಲ, ಅಸ್ಪರಾಗಸ್ ಫರ್ನ್ ತಿಂದರೆ ತೊಂದರೆ.

ಕಾಡಿನಿಂದ ಕಿತ್ತು ತರುವ ಯೋಚನೆ ಬೇಡವೇ ಬೇಡ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದಲ್ಲದೆ, ಮರದ ಮೇಲೆ ವರ್ಷಗಟ್ಟಲೆ ಕೂತ ಗಿಡದ ಬೇರು ಕಿತ್ತರೆ ಅದು ನಿಮ್ಮ ಮನೆಯಲ್ಲಿ ಬದುಕುವುದೂ ಕಷ್ಟ. ಆಗುಂಬೆ, ಕುದುರೆಮುಖದ ಕಡೆ ತೊರೆಯ ಪಕ್ಕ ತೆಂಗಿನ ಸಸಿಯ ಹಾಗೆ ನಿಲ್ಲುವ ಮರಜರೀಗಿಡ ಇದೆಯಲ್ಲ, ಅದರ ಕಾಂಡ ಕಡಿದು ಆರ್ಕಿಡ್ ಕಟ್ಟಲು ಬಳಸುತ್ತಿದ್ದರು. ಅಂಥ ಹಲಗೆ ಮಾರಾಟಕ್ಕೆ ಕಂಡರೆ ಕೊಳ್ಳಬೇಡಿ. ಸ್ನೇಹಿತರ ಕುಂಡದಿಂದ ಒಂದೇ ಒಂದು ಗರಿ ಸಿಕ್ಕರೆ ಸಾಕು, ನೂರಾರು ಗಿಡ ಮಾಡಬಹುದು. ಹೇಗೆ ಎಂದು ಕೊನೆಯಲ್ಲಿ ಹೇಳುತ್ತೇನೆ.

ಜಾಗ

ಪೂರ್ವದ ಬಾಲ್ಕನಿ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಎಳೆಬಿಸಿಲು ಒಂದು ಗಂಟೆ ಬಿದ್ದರೆ ಪರವಾಗಿಲ್ಲ. ಉತ್ತರದ ಕಿಟಕಿಯೂ ಆದೀತು. ಪಶ್ಚಿಮ, ದಕ್ಷಿಣದಲ್ಲಿ ಮಾತ್ರ ಜಾಗವಿದ್ದರೆ ಹಸಿರು ಶೇಡ್ ನೆಟ್ ಕಟ್ಟಿ. ಅಂಗಡಿಯಲ್ಲಿ 50, 75 ಎಂದು ನೆರಳಿನ ಪ್ರಮಾಣ ಹೇಳಿ ಕೊಡುತ್ತಾರೆ. ಬಯಲುಸೀಮೆಗೆ 75 ಇರಲಿ.

ನೆರಳು ಅಂದರೆ ಕತ್ತಲು ಅಲ್ಲ. ಗಿಡ ಇಡುವ ಜಾಗದಲ್ಲಿ ಹಗಲು ಹೊತ್ತು ದೀಪ ಹಾಕದೆ ಪತ್ರಿಕೆ ಓದಲು ಆಗಬೇಕು. ಅಷ್ಟು ಬೆಳಕು ಇಲ್ಲದಿದ್ದರೆ ಗರಿ ಉದ್ದುದ್ದವಾಗಿ, ಬಿಳಿಚಿಕೊಂಡು, ಸೊರಗುತ್ತದೆ. ಬೆಳಕು ಜಾಸ್ತಿಯಾದರೆ ಹಸಿರು ಮಂಕಾಗಿ ಹಳದಿ ತಿರುಗುತ್ತದೆ. ಎಸಿ ಗಾಳಿ ಮತ್ತು ಫ್ಯಾನ್ ಗಾಳಿ ನೇರವಾಗಿ ತಾಗುವ ಜಾಗ ಬೇಡ. ಕಿಟಕಿ ಇರುವ ಬಚ್ಚಲುಮನೆ ಇದ್ದರೆ ಮೇಡನ್‌ಹೇರ್‌ಗೆ ಅದಕ್ಕಿಂತ ಒಳ್ಳೆಯ ಜಾಗ ಮನೆಯಲ್ಲಿ ಬೇರೆ ಇಲ್ಲ.

ಮಣ್ಣು ಕಲಸುವುದು

ನರ್ಸರಿಯಿಂದ ತಂದ ಗಿಡ ಬಹಳ ಸಲ ಜಿಗುಟು ಕೆಮ್ಮಣ್ಣಿನಲ್ಲಿ ಇರುತ್ತದೆ. ನೀರು ಹಾಕಿದರೆ ಕೆಸರು, ಒಣಗಿದರೆ ಇಟ್ಟಿಗೆ. ಜರೀಗಿಡದ ಬೇರು ಕೂದಲಿನಂಥದು, ಅದಕ್ಕೆ ಗಾಳಿ ಬೇಕು. ಹಾಗಾಗಿ ತಂದ ಹದಿನೈದು ದಿನ ಜಾಗಕ್ಕೆ ಒಗ್ಗಲು ಬಿಟ್ಟು, ಆಮೇಲೆ ಮಣ್ಣು ಬದಲಿಸಿ.

ನಾನು ಕಲಸುವ ಲೆಕ್ಕ ಹೀಗಿದೆ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರಡು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಒರಟು ಚೂರು. ಒರಟು ಚೂರು ಅಂದರೆ ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು, ಇದ್ದಿಲು, ಅಥವಾ ಕತ್ತರಿಸಿದ ತೆಂಗಿನ ಸಿಪ್ಪೆ. ಕಲಸಿದ್ದನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ. ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಪುಡಿಯಾಗಬೇಕು. ಅದೇ ಹದ.

ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ನೇರವಾಗಿ ಬಳಸಬೇಡಿ. ಅದರಲ್ಲಿ ಉಪ್ಪಿನ ಅಂಶ ಇರುತ್ತದೆ. ಬಕೆಟ್‌ನಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಎರಡು ಮೂರು ಸಲ ನೀರು ಬದಲಿಸಿ. ಎಲೆಗೊಬ್ಬರಕ್ಕೆ ಮಲೆನಾಡಿನವರು ತೋಟದ ದರಗಿನ ಅಡಿಯ ಕಪ್ಪು ಪದರ ತಂದರೆ ಸಾಕು. ಪೇಟೆಯವರು ರಸ್ತೆ ಬದಿಯ ತರಗೆಲೆ ಗುಡಿಸಿ ತಂದು, ಚೀಲದಲ್ಲಿ ತುಂಬಿ, ಒದ್ದೆ ಮಾಡಿ ಆರೇಳು ತಿಂಗಳು ಇಡಿ. ಖರ್ಚಿಲ್ಲದ ಚಿನ್ನ ಅದು.

ಬರ್ಡ್ಸ್ ನೆಸ್ಟ್‌ಗೆ ಒರಟು ಚೂರು ಇಡೀ ಮಿಶ್ರಣದ ಅರ್ಧದಷ್ಟು ಇರಲಿ. ಕಾಡಿನಲ್ಲಿ ಅದು ಮರದ ಮೇಲೆ ಬೆಳೆಯುವ ಗಿಡ. ಬಾವಿ ಗೋಡೆಯ ಮೇಡನ್‌ಹೇರ್‌ಗೆ ಮತ್ತು ಹಳೇ ಗೋಡೆಗಳಲ್ಲಿ ಏಣಿಯಂಥ ಗರಿ ಚಾಚಿ ಬೆಳೆಯುವ ಟೆರಿಸ್ ವಿಟ್ಟಾಟ ಎಂಬ ಜರೀಗಿಡಕ್ಕೆ ಸುಣ್ಣ ಇಷ್ಟ. ಹಳೇ ಗಾರೆಯ ಸಂದಿಯಲ್ಲಿ ಅವು ಹುಟ್ಟುವುದಕ್ಕೆ ಅದೂ ಒಂದು ಕಾರಣ. ಕುಂಡಕ್ಕೆ ಒಂದು ಚಮಚ ಮೊಟ್ಟೆ ಚಿಪ್ಪಿನ ಪುಡಿ ಸೇರಿಸಿ. ಟೆರಿಸ್ ವಿಟ್ಟಾಟ ಮಣ್ಣಿನ ಆರ್ಸೆನಿಕ್ ವಿಷವನ್ನು ಹೀರಿ ಗರಿಯಲ್ಲಿ ಕೂಡಿಡುತ್ತದೆ ಎಂದು 2001ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅದಕ್ಕೇ, ಎಲ್ಲಿ ಬೆಳೆದದ್ದೋ ಗೊತ್ತಿಲ್ಲದ ಆ ಗರಿಗಳನ್ನು ದನಕ್ಕೆ ಹಾಕಬೇಡಿ, ಕೈತೋಟದ ಗೊಬ್ಬರದ ಗುಂಡಿಗೂ ಬೇಡ.

ಕುಂಡ ತೀರಾ ದೊಡ್ಡದು ಬೇಡ. ಬೇರಿನ ಗಡ್ಡೆಗಿಂತ ಎರಡು ಬೆರಳು ಅಗಲ ಇದ್ದರೆ ಸಾಕು. ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣು ಒದ್ದೆಯಾಗಿಯೇ ಉಳಿದು ಹುಳಿಯುತ್ತದೆ. ತಳದಲ್ಲಿ ತೂತು ಇರಲೇಬೇಕು. ನೆಡುವಾಗ, ಗರಿಗಳು ಹುಟ್ಟುವ ಬುಡವನ್ನು ಮಣ್ಣಿನಲ್ಲಿ ಹೂಳಬೇಡಿ. ಅದು ಮಣ್ಣಿನ ಮಟ್ಟಕ್ಕಿಂತ ತುಸು ಮೇಲೆಯೇ ಕೂರಲಿ.

ಬೇರು ನೋಡುವಾಗ ಒಂದು ಗುಟ್ಟು ಗೊತ್ತಿರಲಿ. ಜರೀಗಿಡದ ಒಳ್ಳೆಯ ಬೇರೂ ಕಂದು, ಕಪ್ಪು ಬಣ್ಣದ್ದೇ. ಕಪ್ಪಾಗಿದೆ ಎಂದು ಕತ್ತರಿಸಿ ಹಾಕಬೇಡಿ. ಎಳೆದರೆ ತಂತಿಯ ಹಾಗೆ ಗಟ್ಟಿಯಾಗಿದ್ದು ತುದಿ ಬಿಳಿಚಾಗಿದ್ದರೆ ಜೀವಂತ. ಹಿಸುಕಿದರೆ ಮೆತ್ತಗಾಗಿ ಸಿಪ್ಪೆ ಜಾರಿದರೆ ಕೊಳೆತದ್ದು.

ನೀರು ಬೇರೆ, ಗಾಳಿಯ ತೇವ ಬೇರೆ

ನೀರಿನ ವಿಷಯದಲ್ಲಿ ದಿನದ ಲೆಕ್ಕ ಬೇಡ. ಬೆರಳು ಒಂದು ಗೆಣ್ಣು ಮಣ್ಣಿಗೆ ಇಳಿಸಿ. ಮೇಲ್ಪದರ ಒಣಗಿ ಒಳಗೆ ತಂಪು ತಾಗಿದರೆ ನೀರು ಹಾಕುವ ಹೊತ್ತು. ಹಾಕುವಾಗ ತಳದ ತೂತಿನಿಂದ ಹೊರಬರುವಷ್ಟು ಹಾಕಿ. ಅರ್ಧ ಗಂಟೆ ಬಿಟ್ಟು ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಕುಂಡ ಎತ್ತಿ ನೋಡುವ ಅಭ್ಯಾಸ ಮಾಡಿಕೊಂಡರೆ ಇನ್ನೂ ಒಳ್ಳೆಯದು. ವಾರದಲ್ಲಿ ಕೈಗೆ ಭಾರದ ಅಂದಾಜು ಬಂದುಬಿಡುತ್ತದೆ.

ಬೆಂಗಳೂರು, ಕೋಲಾರ, ತುಮಕೂರಿನ ಬೋರ್‌ವೆಲ್ ನೀರು ಗಡಸು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆ ಅಂದರೆ ಉಪ್ಪು ಸೇರುತ್ತಿದೆ ಎಂದರ್ಥ. ಬೋಸ್ಟನ್ ಫರ್ನ್‌ನ ಗರಿ ತುದಿ ಕಂದಾಗುವುದಕ್ಕೆ ಅದೂ ಕಾರಣ. ಮಳೆನೀರು ಹಿಡಿದಿಟ್ಟುಕೊಳ್ಳಿ. ಅದು ಇಲ್ಲದಾಗ ತಿಂಗಳಿಗೊಮ್ಮೆ ಕುಂಡಕ್ಕೆ ಧಾರಾಳ ನೀರು ಹಾಯಿಸಿ ಉಪ್ಪು ತೊಳೆದುಬಿಡಿ. ನೀರು ಉಳಿಸುವ ಒಳ್ಳೆಯ ಮನಸ್ಸಿನಿಂದ ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಹಾಕುವವರಿದ್ದಾರೆ. ಜರೀಗಿಡಕ್ಕೆ ಅದನ್ನು ಹಾಕಬೇಡಿ. ಇದ್ದ ಉಪ್ಪೆಲ್ಲ ಸೇರಿರುವುದು ಅದರಲ್ಲೇ. ನೆಲ ಒರೆಸಲು ಬಳಸಿ.

ಈಗ ಗಾಳಿ. ಸ್ಪ್ರೇ ಬಾಟಲಿಯಿಂದ ದಿನಾ ನೀರು ಚಿಮುಕಿಸಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ವರ್ಷಗಟ್ಟಲೆ ಮಾಡಿದೆ. ಬಾಲ್ಕನಿಯ ಗಾಳಿಗೆ ಆ ಹನಿ ಹತ್ತು ನಿಮಿಷದಲ್ಲಿ ಆರಿಹೋಗುತ್ತದೆ. ಅದರಿಂದ ಮನಸ್ಸಿಗೆ ಸಮಾಧಾನ ಸಿಗುತ್ತದೆ, ಗಿಡಕ್ಕೆ ಅಷ್ಟಾಗಿ ಅಲ್ಲ. ಕೆಲಸಕ್ಕೆ ಬಂದದ್ದು ಬೇರೆ. ಗಿಡಗಳನ್ನು ಒಂದಕ್ಕೊಂದು ಹತ್ತಿರ, ಗುಂಪಾಗಿ ಇಡುವುದು ಮೊದಲನೆಯದು. ಎಲೆಗಳಿಂದ ಹೊರಬೀಳುವ ತೇವ ಆ ಗುಂಪಿನೊಳಗೇ ಸುಳಿದಾಡುತ್ತದೆ. ಎರಡನೆಯದು ಗೋಣಿಚೀಲ. ಮಾರ್ಚ್‌ನಿಂದ ಮೇ ತನಕ ಗಾಳಿ ಬರುವ ಕಡೆಯ ಗ್ರಿಲ್‌ಗೆ ಗೋಣಿಚೀಲ ಕಟ್ಟಿ, ಬೆಳಿಗ್ಗೆ ಮಧ್ಯಾಹ್ನ ಒದ್ದೆ ಮಾಡುತ್ತೇನೆ. ಒಳಗೆ ಬರುವ ಗಾಳಿ ತಂಪಾಗಿ, ತೇವವಾಗಿ ಬರುತ್ತದೆ. ಮಧ್ಯಾಹ್ನ ನೆಲಕ್ಕೂ ಒಂದು ಚೊಂಬು ನೀರು ಚಿಮುಕಿಸಿದರೆ ಇನ್ನೂ ಒಳ್ಳೆಯದು. ಈ ಗೋಣಿ ಕಟ್ಟಿದ ಮೇಲೆ ನನ್ನ ಬಾಲ್ಕನಿಯಲ್ಲಿ ಬೇಸಿಗೆಗೆ ಗಿಡ ಸತ್ತದ್ದಿಲ್ಲ.

ಉತ್ತರ ಕರ್ನಾಟಕದವರಿಗೆ ಇನ್ನೊಂದು ಉಪಾಯ. ಗಿಡದ ಮಣ್ಣಿನ ಕುಂಡವನ್ನು ಅದಕ್ಕಿಂತ ದೊಡ್ಡ ಕುಂಡದೊಳಗೆ ಇಡಿ. ನಡುವಿನ ಸಂದಿಗೆ ಮರಳು ತುಂಬಿ, ಆ ಮರಳನ್ನು ಸದಾ ಒದ್ದೆ ಇಡಿ. ಹೊರಗಿನ ಕುಂಡದ ತಳದಲ್ಲೂ ತೂತು ಇರಲಿ. ನೀರು ಆರುವಾಗ ಒಳಗಿನ ಬೇರು ತಂಪಾಗಿರುತ್ತದೆ. ಕುಡಿಯುವ ನೀರಿನ ಮಡಕೆ ತಂಪಾಗುವುದೂ ಹಾಗೇ ಅಲ್ವಾ?

ಕರಾವಳಿಯಲ್ಲಿ ತೊಂದರೆ ಇದರ ಉಲ್ಟಾ. ಗಾಳಿಯಲ್ಲಿ ತೇವ ಬೇಕಾದಷ್ಟಿದೆ. ಜೂನ್, ಜುಲೈನಲ್ಲಿ ಸೂರಿನ ನೀರು ಕುಂಡಕ್ಕೆ ಧಾರೆಯಾಗಿ ಬೀಳದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಬರ್ಡ್ಸ್ ನೆಸ್ಟ್‌ನ ನಡುವಿನ ಗೂಡಿಗೆ ನೀರು ಹಾಕಬೇಕೋ ಬೇಡವೋ ಎಂದು ಬಹಳ ಜನ ಕೇಳುತ್ತಾರೆ. ಹೊರಗೆ, ಗಾಳಿಯಾಡುವಲ್ಲಿ ಇದ್ದರೆ ಮಳೆ ಬಿದ್ದರೂ ಏನೂ ಆಗದು. ಕಾಡಿನಲ್ಲಿ ಆ ಗೂಡು ಇರುವುದೇ ಮಳೆ ಮತ್ತು ತರಗೆಲೆ ಹಿಡಿಯಲು. ಮನೆಯೊಳಗೆ ಇಟ್ಟಿದ್ದರೆ ಮಾತ್ರ ಬೇಡ. ನಿಂತ ಗಾಳಿಯಲ್ಲಿ ಎಳೆ ಸುರುಳಿ ಕೊಳೆಯುತ್ತದೆ. ಸುತ್ತ ಮಣ್ಣಿಗೆ ಹಾಕಿ.

ಗೊಬ್ಬರ, ಮತ್ತೆ ಕೆಲವು ತೊಂದರೆಗಳು

ಜರೀಗಿಡದ ಹೊಟ್ಟೆ ಸಣ್ಣದು. 19:19:19 ಎಂಬ, ನೀರಿನಲ್ಲಿ ಕರಗಿಸುವ ರಾಸಾಯನಿಕ ಗೊಬ್ಬರ ಬಳಸುವವರು ಲೀಟರಿಗೆ 1 ಗ್ರಾಂಗಿಂತ ಜಾಸ್ತಿ ಹಾಕಬೇಡಿ. ಜೂನ್‌ನಿಂದ ಅಕ್ಟೋಬರ್ ತನಕ ಇಪ್ಪತ್ತು ದಿನಕ್ಕೊಮ್ಮೆ ಸಾಕು. ನಾನು ಮೂರು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಉದುರಿಸುತ್ತೇನೆ, ಅಷ್ಟೇ. ಒಣಗಿದ ಮಣ್ಣಿಗೆ ಯಾವ ಗೊಬ್ಬರವನ್ನೂ ಹಾಕಬಾರದು. ಬೇರು ಸುಡುತ್ತದೆ.

ಗರಿಯ ಬೆನ್ನಿಗೆ ಸಾಲಾಗಿ ಕಂದು ಚುಕ್ಕೆ ಬಂದಿದೆ, ಯಾವ ಔಷಧಿ ಹೊಡೆಯಲಿ? ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಯಾವುದೂ ಬೇಡ. ಅದು ರೋಗವಲ್ಲ, ಬೀಜಾಣುಗಳ ಗುಂಪು. ಜರೀಗಿಡ ಬೀಜದ ಬದಲು ಬಿಡುವ ದೂಳಿನಂಥ ಕಣವೇ ಬೀಜಾಣು. ಸಾಲು ಹಿಡಿದು, ಅಳತೆ ಇಟ್ಟ ಹಾಗೆ ಇದ್ದರೆ ಬೀಜಾಣು. ಅಲ್ಲೊಂದು ಇಲ್ಲೊಂದು, ಕಡ್ಡಿಯ ಮೇಲೂ ಅಂಟಿದ್ದು, ಉಗುರಿನಿಂದ ಕೆರೆದರೆ ಏಳುವ ಚಿಪ್ಪು ಇದ್ದರೆ ಅದು ಶಲ್ಕ ಕೀಟ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಹಿಟ್ಟುತಿಗಣೆಯನ್ನು ಸೋಪುನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಯಾವ ಎಣ್ಣೆ ಔಷಧಿಯನ್ನೂ, ಬೇವಿನೆಣ್ಣೆಯನ್ನು ಕೂಡ, ಗಿಡದ ತುಂಬ ಹೊಡೆಯಬೇಡಿ. ಎಳೆ ಗರಿ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಚಿಗುರು ಮಾಯವಾದರೆ ರಾತ್ರಿ ಟಾರ್ಚ್ ಹಿಡಿದು ನೋಡಿ, ಬಸವನಹುಳು ಸಿಗುತ್ತದೆ. ಕೈಯಲ್ಲಿ ಹೆಕ್ಕಿ.

ಮೇಡನ್‌ಹೇರ್ ಪೂರ್ತಿ ಒಣಗಿಹೋಯಿತೇ? ಎಸೆಯಬೇಡಿ. ಕಡ್ಡಿಗಳನ್ನೆಲ್ಲ ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಕುಂಡವನ್ನು ನೆರಳಿನಲ್ಲಿಟ್ಟು ಮಣ್ಣಿನ ಪಸೆ ಉಳಿಸಿಕೊಳ್ಳಿ. ಮೂರು ನಾಲ್ಕು ವಾರದಲ್ಲಿ ಪುಟ್ಟ ಸುರುಳಿ ಕುಡಿಗಳು ಏಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮರಿ ಮಾಡುವ ಸುಲಭ ದಾರಿಗಳು

ಕಾಲ ಮುಖ್ಯ. ಮುಂಗಾರು ಹಿಡಿದ ಮೇಲೆ, ಜೂನ್‌ನಿಂದ ಆಗಸ್ಟ್ ಒಳಗೆ ಮಾಡಿ. ಮಾರ್ಚ್, ಏಪ್ರಿಲ್‌ನಲ್ಲಿ ಬೇಡ.

ನೆಫ್ರೊಲೆಪಿಸ್, ಮೇಡನ್‌ಹೇರ್‌ಗಳನ್ನು ಒಡೆದು ನೆಡಬಹುದು. ಹಿಂದಿನ ದಿನ ನೀರು ಹಾಕಿ. ಕುಂಡದಿಂದ ಹೊರತೆಗೆದು ಚೂಪಾದ ಕತ್ತಿಯಿಂದ ಎರಡು ಮೂರು ಭಾಗ ಮಾಡಿ. ಪ್ರತಿ ಭಾಗದಲ್ಲೂ ಬೇರು, ಕಾಂಡ, ಕನಿಷ್ಠ ಮೂರು ನಾಲ್ಕು ಗರಿ ಇರಲಿ. ತೀರಾ ಸಣ್ಣ ಚೂರು ಮಾಡುವ ಆಸೆ ಬೇಡ, ಮೇಡನ್‌ಹೇರ್‌ನಲ್ಲಂತೂ ಬೇಡವೇ ಬೇಡ. ಹಳೇ ಗರಿಗಳಲ್ಲಿ ಅರ್ಧ ಕತ್ತರಿಸಿ, ನೆಟ್ಟು, ಎರಡು ವಾರ ದಟ್ಟ ನೆರಳಿನಲ್ಲಿಡಿ.

ಬೋಸ್ಟನ್ ಫರ್ನ್‌ನಲ್ಲಿ ಕುಂಡದ ಹೊರಗೆ ಎಲೆಯಿಲ್ಲದ ಎಳೆಗಳು ದಾರದ ಹಾಗೆ ನೇತಾಡುತ್ತವೆ. ಒಣಗಿದ ಕಸ ಎಂದು ಜನ ಅದನ್ನು ಕತ್ತರಿಸುತ್ತಾರೆ. ಮುಂದಿನ ಮರಿ ಬರುವುದು ಅದರಿಂದಲೇ! ಪಕ್ಕದಲ್ಲಿ ಇನ್ನೊಂದು ಸಣ್ಣ ಕುಂಡ ಇಟ್ಟು, ಆ ಎಳೆಯನ್ನು ಮಣ್ಣಿನ ಮೇಲೆ ಮಲಗಿಸಿ, ಬಗ್ಗಿಸಿದ ತಂತಿಯಿಂದ ಸಿಕ್ಕಿಸಿ. ಒಂದೆರಡು ತಿಂಗಳಲ್ಲಿ ಗಿಣ್ಣಿನ ಜಾಗದಲ್ಲಿ ಮರಿ ಏಳುತ್ತದೆ. ಮೂರು ಗರಿ ಆದ ಮೇಲೆ ತಾಯಿಯಿಂದ ಬೇರ್ಪಡಿಸಿ. ಕಾರ್ಡಿಫೋಲಿಯದ ಗೋಲಿ ಗೆಡ್ಡೆಯಿಂದಲೂ ಗಿಡ ಬರುತ್ತದೆ.

ಹಂಸಪಾದಿಯ ಬಗೆಯ ಮೇಡನ್‌ಹೇರ್‌ಗೆ ಇನ್ನೂ ಚೆಂದದ ಗುಣವಿದೆ. ಅದರ ಗರಿಯ ತುದಿ ಉದ್ದವಾಗಿ ಬಾಗಿ ನೆಲ ಮುಟ್ಟುತ್ತದೆ. ಮುಟ್ಟಿದಲ್ಲಿ ಬೇರು ಬಿಟ್ಟು ಹೊಸ ಗಿಡ. ಮಳೆಗಾಲದ ಧರೆಯಲ್ಲಿ ಅದು ಹೀಗೆ ಹೆಜ್ಜೆ ಹಾಕುತ್ತಾ ಹೋಗುತ್ತದೆ. ನೀವು ಮಾಡಬೇಕಾದದ್ದು ತುದಿಯ ಕೆಳಗೆ ಒಂದು ಕುಂಡ ಇಡುವುದು, ಅಷ್ಟೇ.

ಸ್ಟ್ಯಾಗ್‌ಹಾರ್ನ್ ದೊಡ್ಡದಾದ ಮೇಲೆ ಪಕ್ಕದಲ್ಲಿ ಮರಿ ಹಾಕುತ್ತದೆ. ಮರಿ ಅಂಗೈ ಅಗಲ ಆದಾಗ, ಅದರ ಗುರಾಣಿಯಂಥ ಎಲೆ ಮತ್ತು ಬೇರು ಸೇರಿಸಿ ಕತ್ತರಿಸಿ. ಹಲಗೆಯ ಮೇಲೆ ಒದ್ದೆ ತೆಂಗಿನ ನಾರಿನ ದಿಂಬು ಮಾಡಿ, ಅದರ ಮೇಲೆ ಕೂರಿಸಿ, ನೈಲಾನ್ ದಾರದಿಂದ ಕಟ್ಟಿ. ದಾರ ನಡುವಿನ ಚಿಗುರಿನ ಮೇಲೆ ಹಾದುಹೋಗಬಾರದು. ವಾರಕ್ಕೆ ಒಂದೆರಡು ಸಲ ಹಲಗೆ ಸಮೇತ ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಅದ್ದಿ ತೂಗುಹಾಕಿ. ಬುಡದ ಗುರಾಣಿ ಎಲೆ ಕಂದಾಗಿ ಒಣಗುತ್ತದೆ. ಅದನ್ನು ತೆಗೆಯಬೇಡಿ. ನೀರು ಮತ್ತು ತರಗು ಹಿಡಿದಿಡುವುದು ಅದರ ಕೆಲಸ. ನಮ್ಮ ಮಲೆನಾಡಿನ ಮರಗಳ ಮೇಲೆ ಕೂರುವ ಡ್ರೈನೇರಿಯಾ ಎಂಬ ಜರೀಗಿಡದ ಬುಡದ ಕಂದು ಎಲೆಗಳೂ ಹಾಗೇ.

ಬರ್ಡ್ಸ್ ನೆಸ್ಟ್ ಸಾಮಾನ್ಯವಾಗಿ ಒಂದೇ ಬುಡದ ಗಿಡ. ಒಡೆದರೆ ಸಾಯುತ್ತದೆ. ಅದಕ್ಕೆ ಬೀಜಾಣು ಒಂದೇ ದಾರಿ.

ಬೀಜಾಣುವಿನಿಂದ ಗಿಡ

ಇದು ನಿಧಾನದ ಕೆಲಸ. ಆದರೆ ಜರೀಗಿಡ ಬೆಳೆಸುವುದರಲ್ಲಿ ನನಗೆ ಇದಕ್ಕಿಂತ ಖುಷಿ ಕೊಟ್ಟದ್ದು ಇನ್ನೊಂದಿಲ್ಲ.

1829ರಲ್ಲಿ ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯರು ಚಿಟ್ಟೆ ಜಾತಿಯ ಹುಳುವಿನ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಹುಳು ಏನಾಯಿತೋ, ಮಣ್ಣಿನಲ್ಲಿ ಒಂದು ಜರೀಗಿಡ ಹುಟ್ಟಿತು. ಅವರ ಅಂಗಳದಲ್ಲಿ ಕಲ್ಲಿದ್ದಲ ಹೊಗೆಗೆ ಜರೀಗಿಡಗಳು ಸಾಯುತ್ತಿದ್ದವು. ಬಾಟಲಿಯೊಳಗೆ ಮಾತ್ರ ಚೆನ್ನಾಗಿ ಬೆಳೆಯಿತು. ನಾವು ಮಾಡುವುದೂ ಅದನ್ನೇ. ಮುಚ್ಚಿದ ಡಬ್ಬಿಯಲ್ಲಿ ಒಂದು ಪುಟ್ಟ ಬಾವಿ ಗೋಡೆ ಕಟ್ಟುವುದು.

ಮೊದಲು ಬಲಿತ ಬೀಜಾಣು ಹುಡುಕಿ. ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ಗರಿಯ ಬೆನ್ನು ನೋಡಿ. ಚುಕ್ಕೆ ಹಸಿರಾಗಿದ್ದರೆ ಎಳತು. ಗಾಢ ಕಂದು ಬಣ್ಣದಲ್ಲಿ ಉಬ್ಬಿ ಹೊಳೆಯುತ್ತಿದ್ದರೆ ಹದ. ಬಿಚ್ಚಿಕೊಂಡು ತುಕ್ಕಿನ ಪುಡಿಯಂತಿದ್ದರೆ ಹಾರಿಹೋಗಿದೆ. ಮೇಡನ್‌ಹೇರ್‌ನಲ್ಲಿ ಎಲೆಯಂಚು ಹಿಂದಕ್ಕೆ ಮಡಚಿದ ಜಾಗದೊಳಗೆ ಇರುತ್ತದೆ. ಬರ್ಡ್ಸ್ ನೆಸ್ಟ್‌ನಲ್ಲಿ ನಡುದಿಂಡಿನಿಂದ ಓರೆಯಾಗಿ ಹೊರಟ ಗೆರೆಗಳಾಗಿರುತ್ತದೆ. ಬೋಸ್ಟನ್ ಫರ್ನ್ ತಳಿಗಳ ಬೀಜಾಣು ಬಹುಪಾಲು ಜೊಳ್ಳು. ಅದರಲ್ಲಿ ಹೊತ್ತು ಕಳೆಯಬೇಡಿ.

ಗರಿಯ ಒಂದು ಚೂರನ್ನು ಬಿಳಿ ಕಾಗದದ ಮೇಲೆ, ಚುಕ್ಕೆ ಕೆಳಗೆ ಮಾಡಿ ಇಡಿ. ಮೇಲೆ ಇನ್ನೊಂದು ಕಾಗದ, ಅದರ ಮೇಲೆ ಹಗುರ ಪುಸ್ತಕ. ಫ್ಯಾನ್ ಇಲ್ಲದ ಕೋಣೆಯಲ್ಲಿ ಎರಡು ದಿನ ಬಿಡಿ. ತೆಗೆದು ನೋಡಿದರೆ ಕಾಗದದ ಮೇಲೆ ಗರಿಯ ಚಿತ್ರವೇ ಮೂಡಿರುತ್ತದೆ, ಕಂದು ದೂಳಿನಲ್ಲಿ. ಕಾಗದವನ್ನು ತುಸು ಓರೆ ಮಾಡಿ ಬೆರಳಿನಿಂದ ಮೆಲ್ಲಗೆ ತಟ್ಟಿ. ಹೊಟ್ಟು ಮೊದಲು ಉರುಳಿ ಬೀಳುತ್ತದೆ. ಕಾಗದಕ್ಕೆ ಅಂಟಿಕೊಂಡು ಉಳಿಯುವ ನಯವಾದ ಪುಡಿಯೇ ಬೀಜಾಣು. ಈಗಲೇ ಬಿತ್ತದಿದ್ದರೆ ಕಾಗದದ ಪೊಟ್ಟಣ ಕಟ್ಟಿ, ಹೆಸರು ಬರೆದು ಫ್ರಿಜ್‌ನಲ್ಲಿಡಿ.

ಬಿತ್ತಲು ಮುಚ್ಚಳ ಇರುವ ಪಾರದರ್ಶಕ ಡಬ್ಬಿ ಬೇಕು. ಹೋಟೆಲ್ ಪಾರ್ಸೆಲ್ ಡಬ್ಬಿ ಸಾಕು. ತೊಳೆದ ಕೊಕೊಪೀಟ್ ಮೂರು ಪಾಲು, ಮರಳು ಒಂದು ಪಾಲು ಜರಡಿ ಹಿಡಿದು ಕಲಸಿ. ಒದ್ದೆ ಮಾಡಿ, ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ. ಈ ಹಂತ ಬಿಟ್ಟರೆ ಮುಂದೆ ಬರುವುದು ಬೂಷ್ಟು, ಪಾಚಿ. ನಾನು ಎರಡು ಸಲ ಬಿಟ್ಟು ಎರಡು ಡಬ್ಬಿ ಕಳೆದುಕೊಂಡೆ. ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು, ಬೆಂದ ಮಿಶ್ರಣ ಎರಡು ಬೆರಳು ಎತ್ತರಕ್ಕೆ ತುಂಬಿ, ಮುಚ್ಚಿ ತಣಿಯಲು ಬಿಡಿ.

ತಣಿದ ಮೇಲೆ ಚಾಕುವಿನ ತುದಿಯಲ್ಲಿ ಚಿಟಿಕೆಗಿಂತಲೂ ಕಡಿಮೆ ಬೀಜಾಣು ತೆಗೆದು ಮೇಲಿನಿಂದ ಉದುರಿಸಿ. ಇದನ್ನು ದಟ್ಟವಾಗಿ ಬಿತ್ತುವುದೇ ಎಲ್ಲರೂ ಮಾಡುವ ತಪ್ಪು. ಮಣ್ಣು ಮುಚ್ಚಬೇಡಿ. ಮೊಳೆಯಲು ಬೆಳಕು ಬೇಕು. ಮುಚ್ಚಳ ಹಾಕಿ, ಗಿಡದ ಹೆಸರು ಮತ್ತು ತಾರೀಖು ಬರೆದು, ಬಿಸಿಲು ತಾಗದ ಬೆಳಕಿನ ಕಿಟಕಿಯಲ್ಲಿಡಿ. ಬಿಸಿಲಿಗಿಟ್ಟರೆ ಒಳಗಿದ್ದದ್ದು ಬೆಂದುಹೋಗುತ್ತದೆ.

ಮೂರು ನಾಲ್ಕು ವಾರದಲ್ಲಿ, ಕೆಲವು ಸಲ ಎರಡು ತಿಂಗಳಲ್ಲಿ, ಹಸಿರು ಮಬ್ಬು ಕಾಣುತ್ತದೆ. ಎರಡು ಮೂರು ತಿಂಗಳಿಗೆ ಅದು ಹೃದಯದ ಆಕಾರದ ತೆಳು ಎಲೆಗಳಾಗುತ್ತದೆ. ಒಂದೊಂದೂ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಇದು ಇನ್ನೂ ನಾವು ನೋಡುವ ಜರೀಗಿಡವಲ್ಲ. ಅದಕ್ಕೆ ಮುಂಚಿನ ತಲೆಮಾರು. ಗಂಡು ಹೆಣ್ಣು ಕೂಡುವುದು ಇದರ ಅಡಿಯಲ್ಲಿ. ಗಂಡಿನ ಕಣ ಹೆಣ್ಣಿನ ಕಡೆ ಈಜಿಕೊಂಡು ಹೋಗಬೇಕು. ಅದಕ್ಕೆ ನೀರಿನ ಒಂದು ತೆಳು ಪದರ ಬೇಕೇ ಬೇಕು. ಒಸರುವ ಗೋಡೆಯೇ ಜರೀಗಿಡಕ್ಕೆ ಯಾಕೆ ಬೇಕು ಎನ್ನುವುದಕ್ಕೆ ಉತ್ತರ ಇಲ್ಲಿದೆ. ಆದ್ದರಿಂದ ಈ ಹಂತದಲ್ಲಿ ವಾರಕ್ಕೆರಡು ಸಲ, ಕುದಿಸಿ ಆರಿಸಿದ ನೀರನ್ನು ಮಂಜಿನ ಹಾಗೆ ಸ್ಪ್ರೇ ಮಾಡಿ. ಸ್ಪ್ರೇ ಬಾಟಲಿ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಬಿಳಿ ಬೂಷ್ಟು ಕಂಡರೆ ಆ ಜಾಗವನ್ನು ಚಮಚದಿಂದ ಎತ್ತಿ ಎಸೆಯಿರಿ. ಒಳಗೆ ನೀರು ನಿಂತಿದ್ದರೆ ಒಂದು ರಾತ್ರಿ ಮುಚ್ಚಳ ಓರೆ ಮಾಡಿ.

ಆಮೇಲೊಂದು ದಿನ ಆ ಹೃದಯದ ಅಂಚಿನಿಂದ ಪುಟ್ಟ ಎಲೆಯೊಂದು ಎದ್ದು ನಿಲ್ಲುತ್ತದೆ. ತಾಯಿಯ ಗರಿಗೆ ಅದರ ಹೋಲಿಕೆ ಇರುವುದಿಲ್ಲ, ಗಾಬರಿಯಾಗಬೇಡಿ. ಎರಡು ಮೂರು ಎಲೆ ಆದ ಮೇಲೆ, ಒಂದೊಂದಾಗಿ ಬಿಡಿಸಲು ಹೋಗದೆ, ಹುಣಸೆಬೀಜದ ಗಾತ್ರದ ಗುಂಪುಗಳಾಗಿ ಚಮಚದಲ್ಲಿ ಎತ್ತಿ ಇನ್ನೊಂದು ಡಬ್ಬಿಗೆ ನೆಡಿ. ಬೆರಳುದ್ದ ಬೆಳೆದ ಮೇಲೆ ಹೊರಗಿನ ಗಾಳಿಗೆ ಒಗ್ಗಿಸಬೇಕು. ಮೊದಲ ವಾರ ದಿನಕ್ಕೆ ಒಂದು ಗಂಟೆ ಮುಚ್ಚಳ ತೆಗೆಯಿರಿ. ಎರಡನೇ ವಾರ ಅರ್ಧ ದಿನ. ಮೂರನೇ ವಾರ ರಾತ್ರಿಯೂ ತೆರೆದಿಡಿ. ಆತುರಪಟ್ಟು ಒಂದೇ ದಿನ ತೆರೆದರೆ ಸಂಜೆಯೊಳಗೆ ಬಾಡುತ್ತವೆ. ಇದನ್ನೂ ಮಳೆಗಾಲಕ್ಕೆ ಹೊಂದಿಸಿಕೊಂಡರೆ ಒಳ್ಳೆಯದು. ಅಂದರೆ ಅಕ್ಟೋಬರ್, ನವೆಂಬರ್‌ನಲ್ಲಿ ಬಿತ್ತಿದ್ದು ಜೂನ್ ಹೊತ್ತಿಗೆ ಹೊರಬರಲು ತಯಾರಿರುತ್ತದೆ.

ಒಂದು ಡಬ್ಬಿಯಲ್ಲಿ ಐವತ್ತು ಅರವತ್ತು ಮರಿ ಸಿಗುವುದೂ ಉಂಟು. ನಿಮಗೆ ಬೇಕಾದದ್ದು ನಾಲ್ಕು. ಉಳಿದವನ್ನು ಮೂರು ಇಂಚಿನ ಕುಂಡಗಳಿಗೆ ನೆಟ್ಟು, ಒಂದು ತಿಂಗಳು ಊರಿದ ಮೇಲೆ ಹಂಚಿ. ಕೊಡುವಾಗ ಬೇರಿನ ಮಣ್ಣನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ ಅಡಿಕೆ ಹಾಳೆಯ ದೊನ್ನೆಯಲ್ಲಿಟ್ಟು ಕೊಡುತ್ತೇನೆ. ಜೊತೆಗೆ ಒಂದು ತುಂಡು ಗೋಣಿಯನ್ನೂ.